ಮೂರು ಪ್ರಶ್ನೆಗುರುತಿನ ಪದ

ತಂಗಿಯ ಮೊಮ್ಮಗಳ ಮದುವೆಗೆ ಅರಕಲಗೂಡಿಗೆ ಹೊರಡಬೇಕಾದ ಹಿಂದಿನ ದಿನ ನನಗೆ ಅಲ್ಲಿ ಹಾಡಬೇಕಾದ ಪದ ಮರೆತುಹೋಗಿರುವುದು ಗೊತ್ತಾಯಿತು. ಹಾಸನದಲ್ಲಿ ಮಗಳ ಮನೆಯ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ನಾಳೆ ಹೇಳಬೇಕಲ್ಲ ಎಂದು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಂಡು ಬಂದೆ. ಒಲೆ ಬಂತು, ಒರಳು ಬಂತು, ದನದ ಕೊಟ್ಟಿಗೆ ಬಂತು, ಹೊಸಲು ಬಂತು. ಹೊಸಲು ದಾಟಿದ ಮೇಲೆ ಏನೂ ಬರಲಿಲ್ಲ. ಊರ ಗಡಿಯ ಕಲ್ಲಿನ ಹತ್ತಿರ ಮತ್ತೆ ಶುರುವಾಯಿತು. ನಡುವೆ ಇದ್ದದ್ದು ಇಲ್ಲ.

ಇದು ಹೆಣ್ಣು ಒಪ್ಪಿಸುವ ಪದ. ಧಾರೆ ಮುಗಿದು, ಊಟವಾಗಿ, ಹುಡುಗಿಯನ್ನು ಗಂಡಿನ ಕಡೆಯವರ ಕೈಗೆ ಕೊಡುವಾಗ ಹೇಳುವುದು. ಹುಡುಗಿ ತಾನು ಬಿಟ್ಟುಹೋಗುವ ಒಂದೊಂದಕ್ಕೂ ಹೇಳಿಹೋಗುತ್ತಾಳೆ. ಹೊಸಲಿಗೂ ಗಡಿಯ ಕಲ್ಲಿಗೂ ನಡುವೆ ಅವಳ ಕೈಯನ್ನು ಯಾರೋ ಹಿಡಿದು ಯಾರಿಗೋ ಕೊಡುತ್ತಾರೆ. ಯಾರು ಕೊಡುತ್ತಾರೆ, ಏನು ಹೇಳಿ ಕೊಡುತ್ತಾರೆ, ಅದೇ ಹೋಗಿತ್ತು. ಪದ ಇರುವುದೇ ಅದಕ್ಕಾಗಿ. ಒಲೆಗೂ ಒರಳಿಗೂ ಹೇಳಿಹೋಗುವುದೆಲ್ಲ ಅಲ್ಲಿಗೆ ಹೋಗಿ ಮುಟ್ಟುವ ದಾರಿ ಅಷ್ಟೆ.

ಒಪ್ಪಿಸುವ ಪದ ನಡುವೆ ನಿಂತರೆ ಹುಡುಗಿಯ ಬಾಳು ನಡುವೆ ನಿಲ್ಲುತ್ತದೆ ಎಂದು ನಮ್ಮ ಕಡೆ ಒಂದು ಮಾತು. ನಾನು ಅದನ್ನು ಪೂರ್ತಿ ನಂಬಿದವಳಲ್ಲ. ಪೂರ್ತಿ ಪದ ಹೇಳಿ ಕಳಿಸಿದ ಹುಡುಗಿಯರೂ ಗಂಟು ಹೊತ್ತು ತವರಿಗೆ ಬಂದು ಕೂತದ್ದನ್ನು ಕಂಡಿದ್ದೇನೆ. ಆದರೆ ನನ್ನ ತಂಗಿ ನಂಬುತ್ತಾಳೆ. ಅವಳ ಮನೆಯ ಹೆಂಗಸರೆಲ್ಲ ನಂಬುತ್ತಾರೆ. ನಾಳೆ ನಾನು ನಡುವೆ ನಿಂತು, ಮುಂದೆ ಆ ಹುಡುಗಿಗೆ ಏನೇ ಕಷ್ಟ ಬರಲಿ, ಅದಕ್ಕೆ ಕಾರಣ ನನ್ನ ಬಾಯಿ ಎಂದಾಗುತ್ತದೆ. ಅವಳೂ ಹಾಗೆಂದುಕೊಂಡೇ ಬಾಳಬೇಕಾಗುತ್ತದೆ.

ತಂಗಿಗೆ ಫೋನು ಮಾಡಿದೆ.

"ಅಕ್ಕಾ, ಹಾಡು ಆಕೋ ಸ್ಪೀಕರ್‌ನೋನ್ಗೆ ಆ ಒತ್ನಲ್ಲಿ ಬಾಯ್ ಮುಚ್ಕೊಂಡಿರು ಅಂತ ಯೋಳಿವ್ನಿ. ನೀನೇ ಯೋಳ್ಬೇಕು ಕಣಕ್ಕ."

"ನಡುವೆ ಮರೆತೋದ್ರೆ?"

"ಬಾಯ್ ಬುಟ್ಟು ಅನ್ಬ್ಯಾಡ ಅಂಗೆಲ್ಲ! ಮದುವೆ ಮನೆ ಇದು. ಮರೀತದೆ ಅನ್ನಂಗಿದ್ರೆ ಶಾಸ್ತ್ರದೊತ್ಗೆ ನೀನು ಈಚೆಗೇ ಬರ್ಬ್ಯಾಡ, ಒಳಗೇ ಕೂತ್ಕೊ."

ಅವಳು ಹೀಗೆಯೇ. ನಾನು ಫೋನು ಇಟ್ಟೆ.

ಮಗಳು ಇಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರು ಇಟ್ಟಿರುವ ಕೋಣೆಯನ್ನು ನೋಡಿಕೊಳ್ಳುತ್ತಾಳೆ. ಹಿಂದೆ ನಾನು ಕಾಲು ಮುರಿದುಕೊಂಡು ಮಲಗಿದ್ದಾಗ, ನನ್ನ ಗೊಣಗಾಟ ತಾಳಲಾರದೆ, "ಗೊಣಗೋ ಬದ್ಲು ಪದ ಯೋಳವ್ವ" ಎಂದು ಒಂದೊಂದೇ ಹೇಳಿಸಿ ಫೋನಿನಲ್ಲಿ ಹಿಡಿದಿದ್ದಳು. ರಾಗಿ ಬೀಸುವ ಪದ, ನಾಟಿ ಪದ, ಹಸೆಗೆ ಕರೆಯುವ ಪದ, ತೊಟ್ಟಿಲ ಪದ, ಎಲ್ಲ. ಆಮೇಲೆ ಅವನ್ನು ಕಂಪ್ಯೂಟರಿಗೆ ಸುರಿದಿದ್ದಳು. ಒಪ್ಪಿಸುವ ಪದವನ್ನೂ ಆಗ ಹೇಳಿದ್ದೆ ಎನ್ನುವುದು ನೆನಪಿತ್ತು. ಅದು ಸಿಕ್ಕರೆ ನಡುವಿನದೂ ಸಿಕ್ಕಿತು, ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡರಾಯಿತು.

ಭಾನುವಾರವಾದ್ದರಿಂದ ಅವಳು ಮನೆಯಲ್ಲೇ ಇದ್ದಳು. ಅವಳ ಕಂಪ್ಯೂಟರಿನಲ್ಲಿ ಚಿತ್ರ ಗಿತ್ರ ಇಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಬೇಕಾದ್ದನ್ನು ಬರೆದು ಕೇಳಬೇಕು. ಕಾಲೇಜಿನ ಕಡತವೂ ನನ್ನ ಪದವೂ ಕರೆಂಟು ಬಿಲ್ಲೂ ಎಲ್ಲ ಅದರೊಳಗೇ. ಹಳೆಯ ಮಿಷಿನ್ನಿನಿಂದ ಹೊಸದಕ್ಕೆ ತುಂಬುವಾಗ ಡಬ್ಬಿಯನ್ನು ಡಬ್ಬಿಯ ಸಮೇತ ಇನ್ನೊಂದು ಡಬ್ಬಿಯೊಳಗೆ ಇಟ್ಟಿದ್ದಾಳಂತೆ. ಎಲ್ಲಿ ಏನಿದೆ ಎಂದು ಅವಳಿಗೂ ಗೊತ್ತಿಲ್ಲ.

"ಏನಂತ ಹುಡುಕ್ಲವ್ವ?"

"ಒಪ್ಪಿಸೋ ಪದ ಅಂತ ಹುಡುಕು."

ಕಟಕಟ ಬಡಿದಳು. ಪರದೆ ಏನೂ ಹೇಳಲಿಲ್ಲ.

"ಇಲ್ವಂತೆ."

"ಅದೆಂಗಿಲ್ಲ? ನಾನು ಯೋಳಿವ್ನಿ, ನೀನು ಹಿಡಿದಿದ್ದೀಯ."

"ಇರವ್ವ. ಹುಡುಕೋದ್ರಲ್ಲಿ ಬೇರೆ ಬೇರೆ ತರ ಅವೆ. ಈ ತರದ್ರಲ್ಲಿ ಬರೀ ಹೆಸ್ರು ಕೊಟ್ರೆ ಒಪ್ಪಲ್ಲ. ಆಚೆ ಡಬ್ಬಿಯಿಂದ ಒಳಗಿನ ಡಬ್ಬಿ ತಂಕ ಪೂರ್ತಿ ದಾರಿ ಕೂಡ್ಬೇಕು." ಹೀಗೆ ಹೇಳಿ ಒಂದು ಚುಕ್ಕಿ ಇಟ್ಟಳು, ಅದರ ಪಕ್ಕಕ್ಕೆ ಒಂದು ನಕ್ಷತ್ರ ಇಟ್ಟಳು. "ಚುಕ್ಕಿ ಅಂದ್ರೆ ಯಾವ್ದಾದ್ರೂ ಒಂದಕ್ಷರ. ಸ್ಟಾರ್ ಅಂದ್ರೆ ಅಂಥಾವು ಎಷ್ಟಾದ್ರೂ ಇರ್ಲಿ ಅಂತ. ಈಗ ದಾರಿ ಯಾವ್ದಾದ್ರೂ ನಡೀತದೆ."

ನಾನು ವಯಸ್ಸಾದ ಮೇಲೆ ಅಕ್ಷರ ಕಲಿತವಳು. ಬಸ್ಸಿನ ಬೋರ್ಡು ಓದುತ್ತೇನೆ, ಮದುವೆ ಕಾಗದ ಓದುತ್ತೇನೆ. ಚುಕ್ಕಿ ಎಂದರೆ ಮಾತು ಮುಗಿಯಿತು ಎಂದು ನನಗೆ ಹೇಳಿಕೊಟ್ಟಿದ್ದರು. ಇಲ್ಲಿ ನೋಡಿದರೆ ಚುಕ್ಕಿ ಯಾವ ಅಕ್ಷರವಾದರೂ ಆಗುತ್ತದಂತೆ.

"ನೆನ್ನೆ ಬರೀ ಸ್ಟಾರ್ ಆಕಿ ಏನೋ ಹುಡುಕ್ತಿದ್ದಲ್ಲ, ಚುಕ್ಕಿ ಇರ್ಲಿಲ್ವಲ್ಲ?"

"ಅದು ಬೇರೆ ತರ ಕಣವ್ವ. ಅದ್ರಲ್ಲಿ ಸ್ಟಾರ್ ಒಂದೇ ಸಾಕು, ಅದೇ ಏನ್ ಬೇಕಾದ್ರೂ ಆಯ್ತದೆ. ಚುಕ್ಕಿ ಬರೀ ಚುಕ್ಕಿ."

"ಒಂದೇ ಮಿಷಿನ್ನು, ಒಂದೇ ಸ್ಟಾರು, ಎರಡರ್ಥವಾ?"

"ಎರಡೇ ಅಲ್ಲ, ಇನ್ನೂ ಅವೆ."

ನನಗೆ ಊಟದ ಎಲೆ ನೆನಪಾಯಿತು. ಮದುವೆ ಮನೆಯಲ್ಲಿ ಉಂಡ ಎಲೆಯನ್ನು ತನ್ನ ಕಡೆಗೆ ಮಡಚಬೇಕು. ಸಾವಿನ ಮನೆಯಲ್ಲಿ ಆಚೆ ಕಡೆಗೆ ಮಡಚಬೇಕು. ಅದೇ ಬಾಳೆ ಎಲೆ, ಅದೇ ಕೈ. ಯಾವ ಮನೆಯಲ್ಲಿ ಕೂತಿದ್ದೀಯ ಎನ್ನುವುದು ಗೊತ್ತಿಲ್ಲದೆ ಮಡಚಿದರೆ ಉಗಿಸಿಕೊಳ್ಳುತ್ತೀಯ. ಆದರೆ ಎಲೆಯ ವಿಷಯದಲ್ಲಿ ಇರುವುದು ಎರಡೇ ಮನೆ. ಇಲ್ಲಿ ಎಷ್ಟು ಮನೆಯೋ!

ದಾರಿ ಕೂಡಿಸಿ ಹುಡುಕಿದ ಮೇಲೂ ಪರದೆ ಖಾಲಿ. ಮಗಳು ಕೈ ಕೆಳಗಿಟ್ಟಳು. "ನಾನು ಬೇರೆ ಏನೋ ಹೆಸ್ರು ಕೊಟ್ಟಿವ್ನಿ. ಏನಂತ ಕೊಟ್ಟಿದ್ದೆ?"

ಆಗ ನನಗೆ ಹೊಳೆಯಿತು. ಮದುವೆ ಇಲ್ಲದ ಮನೆಯಲ್ಲಿ ಒಪ್ಪಿಸುವ ಪದದ ಹೆಸರು ಎತ್ತಬಾರದು. ಎತ್ತಿದರೆ ಆ ಮನೆಯ ಹೆಣ್ಣು ಮನೆಗೆ ಎರವಾಗುತ್ತದೆ ಎನ್ನುತ್ತಾರೆ. ಈಗ ನಮ್ಮ ಪೈಕಿಯಲ್ಲಿ ಮದುವೆ ಗೊತ್ತಾಗಿದೆ, ಹೇಳಬಹುದು. ಆವತ್ತು ಯಾವ ಮದುವೆಯೂ ಇರಲಿಲ್ಲ. ಕಾಲಿಗೆ ಸಿಮೆಂಟು ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನಾನು ಹೇಳಿದ್ದೇ ಹೆಚ್ಚು. ಹೇಳಿ ಮುಗಿಸಿದಾಗ ಇವಳು, "ಹೆಸ್ರೇನಿಡ್ಲಿ?" ಎಂದು ಕೇಳಿದ್ದಳು.

"ಹೆಸ್ರು ಎತ್ಬ್ಯಾಡ" ಎಂದಿದ್ದೆ.

"ಏನಾದ್ರೂ ಬರೀಬೇಕಲ್ಲವ್ವ, ಇಲ್ದಿದ್ರೆ ಇದು ತಗಳಲ್ಲ."

"ಏನೂ ಬರೀಬ್ಯಾಡ ಅಂದ್ನಲ್ಲ!"

ಇದನ್ನು ಮಗಳಿಗೆ ನೆನಪಿಸಿದ ಕೂಡಲೇ ಅವಳು ತೊಡೆ ತಟ್ಟಿದಳು. "ಕ್ವಶ್ಚನ್ ಮಾರ್ಕು! ನೀನು ಯೋಳ್ದೇ ಇದ್ದಿದ್ಕೆ ಮೂರು ಕ್ವಶ್ಚನ್ ಮಾರ್ಕ್ ಒತ್ತಿದ್ದೆ ಕಣವ್ವ."

ಸರಿ, ಮೂರು ಪ್ರಶ್ನೆಗುರುತನ್ನು ಹುಡುಕಿದರಾಯಿತಲ್ಲ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಳು ಎಂದು ಕಾಣುತ್ತದೆ. ಮೂರು ಪ್ರಶ್ನೆಗುರುತು, ಆಚೆಗೊಂದು ಈಚೆಗೊಂದು ಸ್ಟಾರು ಇಟ್ಟು ಒತ್ತಿದಳು. ಪರದೆ ತುಂಬ ಸಾಲು ಓಡತೊಡಗಿತು. ಕಾಲೇಜಿನ ಅಂಕಪಟ್ಟಿ, ಯಾರದೋ ಫೋಟೋ, ಗ್ಯಾಸಿನ ರಸೀತಿ, ನನ್ನ ರಾಗಿ ಪದ, ತೊಟ್ಟಿಲ ಪದ, ಇಡೀ ಮನೆಯೇ ಹೊರಗೆ ಬಂತು.

"ಅಯ್ಯೋ, ಈ ತರದ್ರಲ್ಲಿ ಕ್ವಶ್ಚನ್ ಮಾರ್ಕ್ ಅಂದ್ರೆ ಯಾವ್ದಾದ್ರೂ ಒಂದಕ್ಷರ. ಮೂರಕ್ಷರಾನೋ ಅದ್ಕಿಂತ ಜಾಸ್ತೀನೋ ಇರೋ ಎಲ್ಲಾನೂ ತಂದದೆ."

"ಇನ್ನೊಂದು ತರದ್ರಲ್ಲಿ ಹುಡುಕು."

"ಅದ್ರಲ್ಲಿ ಕ್ವಶ್ಚನ್ ಮಾರ್ಕ್ ಅಂದ್ರೆ ಅದ್ರ ಹಿಂದ್ಗಡೆ ಇರೋದು ಇದ್ರೂ ಸರಿ, ಇಲ್ದಿದ್ರೂ ಸರಿ ಅಂತ."

"ಇದ್ರೂ ಸರಿ, ಇಲ್ದಿದ್ರೂ ಸರಿ ಅನ್ನೋದ್ಕೆ ಒಂದು ಗುರುತು ಬ್ಯಾರೆ ಕೇಡು" ಎಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ಆ ತರದಲ್ಲೂ ಒತ್ತಿ ನೋಡಿದಳು. ಮತ್ತೆ ಇಡೀ ಮನೆ ಹೊರಗೆ ಬಂತು.

"ಇದಕ್ಕೊಂದು ಉಪಾಯ ಅದೆ" ಎಂದು ಒಂದೊಂದು ಪ್ರಶ್ನೆಗುರುತಿನ ಮುಂದೂ ಒಂದೊಂದು ಓರೆಗೆರೆ ಎಳೆದಳು, ಮಳೆಗಾಲದಲ್ಲಿ ವಾಲಿದ ಬೇಲಿಗೂಟದ ಹಾಗೆ. "ಗೆರೆ ಆಕುದ್ರೆ ಕ್ವಶ್ಚನ್ ಮಾರ್ಕಿನ ಸೊಕ್ಕು ಇಳೀತದೆ. ಬರೀ ಕ್ವಶ್ಚನ್ ಮಾರ್ಕ್ ಆಗಿರ್ತದೆ."

ಒತ್ತಿದಳು. ಅಂಕಪಟ್ಟಿ, ಫೋಟೋ, ಗ್ಯಾಸು, ರಾಗಿ ಪದ, ಮತ್ತೆ ಎಲ್ಲ ಓಡಿದವು.

"ಸೊಕ್ಕು ಎಲ್ಲಿಳೀತು?" ಎಂದೆ.

ಅವಳು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. "ಈ ಸಲ ಕಾಲೇಜಲ್ಲಿ ಮಾಡಿದ್ದ ಹಳೇ ಸಾಲನ್ನೇ ಎತ್ತಿ ಆಕ್ಬುಟ್ಟಿವ್ನಿ. ಇದು ಬೇಸಿಕ್ ತರ. ನಾನು ಅಂದ್ಕೊಂಡಿದ್ದು ಎಕ್ಸ್‌ಟೆಂಡೆಡ್ ತರ. ಬೇಸಿಕ್‌ನಲ್ಲಿ ಸುಮ್ನೆ ಬುಟ್ರೆ ಅದು ಸಾದಾ ಕ್ವಶ್ಚನ್ ಮಾರ್ಕು. ಗೆರೆ ಆಕುದ್ರೇನೇ ಸೊಕ್ಕು ಬರೋದು."

"ಈಗ್ತಾನೆ ಗೆರೆ ಆಕುದ್ರೆ ಸೊಕ್ಕು ಇಳೀತದೆ ಅಂದೆ."

"ಅದು ಆ ತರದ್ರಲ್ಲಿ."

"ಯಾವ ತರದ್ರಲ್ಲಿ ಏನು ಅಂತ ಯಾರು ಗೊತ್ತು ಮಾಡಿದ್ದು?"

"ಒಬ್ರಲ್ಲವ್ವ. ಒಬ್ಬೊಬ್ರು ಒಂದೊಂದು ಕಾಲದಲ್ಲಿ ಮಾಡುದ್ರು. ಹಳೇದ್ನ ಬುಡಂಗಿಲ್ಲ, ಹೊಸದು ಬ್ಯಾಡ ಅನ್ನಂಗಿಲ್ಲ."

ನನಗೆ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಗೆರೆ ಒಂದು ಕಡೆ ಬಲ ಕೊಡುತ್ತದೆ, ಇನ್ನೊಂದು ಕಡೆ ಬಲ ಕಿತ್ತುಕೊಳ್ಳುತ್ತದೆ. ಎಲ್ಲಿ ನಿಂತಿದ್ದೀಯ ಎನ್ನುವುದನ್ನು ಪರದೆ ತಾನಾಗಿ ಹೇಳುವುದಿಲ್ಲ. ತಪ್ಪಾಯಿತು ಎಂದೂ ಹೇಳುವುದಿಲ್ಲ. ಇಡೀ ಮನೆಯನ್ನು ತಂದು ಸುರಿದು, ನೀನು ಕೇಳಿದ್ದು ಇದೇ ತಾನೇ ಎಂದು ಸುಮ್ಮನೆ ನಿಲ್ಲುತ್ತದೆ. ಇಷ್ಟು ವರ್ಷ ನನ್ನ ಮಗಳು ಕಾಲೇಜಿನಲ್ಲಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಕಂಪ್ಯೂಟರ್ ಕೆಲಸ ಎನ್ನುತ್ತಿದ್ದೆ. ಇಂಥ ಕೆಲಸ ಎಂದು ಗೊತ್ತಿರಲಿಲ್ಲ.

ಅವಳು ಗೆರೆಗಳನ್ನೆಲ್ಲ ಅಳಿಸಿ ಒತ್ತಿದಳು. ಒಂದೇ ಒಂದು ಸಾಲು ಬಂತು. ಅದರ ಕೊನೆಯಲ್ಲಿ ಮೂರು ಪ್ರಶ್ನೆಗುರುತು ಪಕ್ಕಪಕ್ಕ ಕೂತಿದ್ದವು.

"ಬಂತಲ್ಲವ್ವ!"

ಹಾಕಿದಳು. ಮೊದಲು ಕೆಮ್ಮು. ಆಮೇಲೆ ನನ್ನದೇ ದನಿ, ಒಣಗಿದ ತೆಂಗಿನ ಗರಿ ಎಳೆದ ಹಾಗೆ. ಒಲೆ ಬಂತು, ಒರಳು ಬಂತು, ಕೊಟ್ಟಿಗೆ ಬಂತು. ಹೊಸಲೂ ಬಂತು. ನಾನು ಮುಂದಕ್ಕೆ ಬಗ್ಗಿ ಕೂತೆ. ಪದ ನಿಂತಿತು. ನನ್ನ ದನಿಯೇ ಮಾತಾಡಿತು: "ಇಲ್ಲಿಂದ ಬ್ಯಾಡ ಕಣ್ ಮಗ. ಮದುವೆ ಇಲ್ದಿದ್ ಮನೇಲಿ ಕೈ ಎತ್ತಿ ಕೊಡೋದ್ನ ಯೋಳ್ಬಾರ್ದು. ಮುಂದಿಂದ ಯೋಳ್ತೀನಿ." ಆಮೇಲೆ ಗಡಿಯ ಕಲ್ಲು.

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಇಷ್ಟೊತ್ತು ಹುಡುಕಿದ್ದು ಇಲ್ದೇ ಇರೋದ್ನಾ?" ಎಂದಳು.

ಆವತ್ತು ನಡುವಿನದು ನನಗೆ ಗೊತ್ತಿತ್ತೇನೋ, ಗೊತ್ತಿದ್ದೇ ಬಿಟ್ಟಿದ್ದೆನೋ. ಇಲ್ಲವೇ ಆವತ್ತೇ ಮರೆತಿದ್ದು, ಶಾಸ್ತ್ರದ ನೆಪ ಹೇಳಿ ದಾಟಿಕೊಂಡಿದ್ದೆನೋ. ಯೋಚಿಸಿದಷ್ಟೂ ತಿಳಿಯಲಿಲ್ಲ. ಪದ ನನ್ನಲ್ಲಿ ಕೂಡಿದ್ದೂ ಒಂದು ಕಡೆಯಿಂದಲ್ಲ. ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯ ಹತ್ತಿರ ನಮ್ಮವ್ವ ಹೇಳಿಕೊಟ್ಟದ್ದರಲ್ಲಿ ಸೋದರಮಾವ ಕೈ ಹಿಡಿದು ಕೊಡುತ್ತಿದ್ದ ಎಂದು ಅರ್ಧ ನೆನಪು. ಹೊಳೆನರಸೀಪುರದ ನನ್ನತ್ತೆ ಹೇಳುತ್ತಿದ್ದುದರಲ್ಲಿ ಅಣ್ಣ ಕೊಡುತ್ತಿದ್ದ. ಸಾಲುಗಳು ಒಂದೇ, ಕೊಡುವವರು ಬೇರೆ, ರಾಗ ಏರುವ ಜಾಗ ಬೇರೆ. ನಾನು ಯಾರದ್ದನ್ನು ಹೇಳುತ್ತಿದ್ದೆ? ಮಾವನನ್ನು ತಂದರೆ ಅತ್ತೆಯ ರಾಗ ಬರುತ್ತಿತ್ತು. ಅಣ್ಣನನ್ನು ತಂದರೆ ಬಾಯಿ ಕಟ್ಟುತ್ತಿತ್ತು. ಸಂಜೆಯವರೆಗೂ ಅವರೆಕಾಯಿ ಹಾಗೇ ಬಿದ್ದಿತ್ತು.

ಬೆಳಿಗ್ಗೆ ಮಗಳೂ ನಾನೂ ಅರಕಲಗೂಡಿಗೆ ಹೋದೆವು. ತಂಗಿಯನ್ನು ಉಗ್ರಾಣದ ಮೂಲೆಗೆ ಕರೆದು ಹೇಳಿಬಿಟ್ಟೆ. ಮುಚ್ಚಿಟ್ಟುಕೊಂಡು ಜನದ ಮುಂದೆ ಬಾಯಿ ಬಿಡುವುದಕ್ಕಿಂತ ಅದು ವಾಸಿ.

"ಹೊಸಲಿಂದ ಆಚೆ ಇಲ್ಲ ಕಣೇ ನನ್ನತ್ರ."

"ಎಲ್ಲೋಯ್ತು?"

"ಕಂಪ್ಯೂಟರಲ್ಲೂ ಹುಡುಕಿಸ್ದೆ. ಅಲ್ಲೂ ಇಲ್ಲ."

"ನಿನ್ನ ಬಾಯಲ್ಲಿ ಇಟ್ಟಿದ್ನ ಕಂಪ್ಯೂಟರಲ್ಲಿ ಯಾಕೆ ಹುಡುಕಿಸಿದ್ಯೆ, ಅಕ್ಕ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. "ಬ್ಯಾಡ. ಸ್ಪೀಕರ್‌ನೋನೇ ಆಕ್ಲಿ. ಅರ್ಧ ಪದಕ್ಕಿಂತ ಪದ ಇಲ್ದಿರೋದೇ ಮೇಲು."

ಮದುವೆ ಹುಡುಗಿ ಪಕ್ಕದಲ್ಲೇ ಹೂವು ಸರಿಮಾಡಿಸಿಕೊಳ್ಳುತ್ತ ನಿಂತಿದ್ದಳು. ಕೇಳಿಸಿಕೊಂಡಿದ್ದಾಳೆ. ತಿರುಗಿ ನೋಡಿದಾಗ ಮುಖ ಬೆಳ್ಳಗಾಗಿತ್ತು, ಮಾತು ಮಾತ್ರ ಗಟ್ಟಿ.

"ದೊಡ್ಡಜ್ಜಿ, ನೀವೇ ಯೋಳಿ. ನಮ್ಮಮ್ಮಂಗೂ ನೀವೇ ಯೋಳಿದ್ದಂತೆ. ನಿಂತ್ರೆ ನಿಲ್ಲಲಿ. ಆ ಸ್ಪೀಕರ್ ಗದ್ದಲದಲ್ಲಿ ನಾನು ಹೋಗಲ್ಲ."

"ಆಮ್ಯಾಕೆ ನನ್ನ ಬಯ್ಕೊಂಡೀಯ."

"ಬಯ್ಕೊಂಡ್ರೆ ಬಂದು ಕೇಳಿಸ್ಕಳಿ."

ಊಟವಾದ ಮೇಲೆ ಛತ್ರದ ಬಾಗಿಲಲ್ಲಿ ಶಾಸ್ತ್ರಕ್ಕೆ ನಿಂತರು. ಗಂಡಿನ ಕಡೆಯವರು ಹಳ್ಳಿಮೈಸೂರಿನ ಹತ್ತಿರದವರು. ಒಂದು ಬಸ್ಸು ಹೆಂಗಸರು ಬಂದಿದ್ದರು. ನಾನು ಶುರುಮಾಡಿದೆ. ಒಲೆಗುಂಡ ಬಿಟ್ಟಾಳು, ಒರಳ ಬಿಟ್ಟಾಳು. ನಮ್ಮ ಹೆಂಗಸರು ಸೊಲ್ಲು ಎತ್ತಿಕೊಂಡರು. ಕೊಟ್ಟಿಗೆ ಆಯಿತು. ಹೊಸಲು ಹತ್ತಿರ ಬಂದ ಹಾಗೆ ನಾನು ನಿಧಾನ ಮಾಡಿದೆ, ಒಂದೇ ಸಾಲನ್ನು ಮತ್ತೆ ಹೇಳಿದೆ. ದಾಟದೆ ಎಷ್ಟು ಹೊತ್ತು ನಿಲ್ಲಲಾಗುತ್ತದೆ? ಹೊಸಲು ದಾಟಿಸಿದೆ. ಬಾಯಿ ತೆರೆದೇ ಇತ್ತು. ಮಾವನೂ ಬರಲಿಲ್ಲ, ಅಣ್ಣನೂ ಬರಲಿಲ್ಲ. ತಂಗಿ ನನ್ನ ಕಡೆ ನೋಡುತ್ತಿದ್ದಳು. ಹುಡುಗಿ ನೆಲ ನೋಡುತ್ತಿದ್ದಳು.

ಆಗ ಗಂಡಿನ ಕಡೆಯಿಂದ ಒಂದು ದನಿ ಎತ್ತಿಕೊಂಡಿತು. ಗಂಡಿನ ಸೋದರತ್ತೆ, ದಪ್ಪ ಹೆಂಗಸು, ಬಾಯಲ್ಲಿ ಇನ್ನೂ ಎಲೆ ಅಡಿಕೆ ಇತ್ತು. ಅವಳ ರಾಗ ನನ್ನದಕ್ಕಿಂತ ತಗ್ಗು. ಅವಳ ಪದದಲ್ಲಿ ಯಾರೂ ಕೈ ಹಿಡಿದು ಕೊಡಲಿಲ್ಲ. ಹುಡುಗಿ ತಾನೇ ಕೈ ಚಾಚುತ್ತಾಳೆ, ಅಂಗೈಯಲ್ಲಿ ತವರಿನ ಮಣ್ಣು ಇದೆ ಎನ್ನುತ್ತಾಳೆ, ತೊಳೆದುಕೊಳ್ಳಲು ನೀರು ಕೊಡಿ, ಇಲ್ಲವೇ ಹೀಗೇ ಒಳಗೆ ಕರೆದುಕೊಳ್ಳಿ ಎನ್ನುತ್ತಾಳೆ. ಹೀಗೇ ಬಾ ಎನ್ನುತ್ತಾಳೆ ಪದದೊಳಗಿನ ಅತ್ತೆ. ಇದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಆದರೂ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಅವಳು ಮುಗಿಸಿ ನನ್ನ ಕಡೆ ಹುಬ್ಬು ಎತ್ತಿದಾಗ ಗಡಿಯ ಕಲ್ಲಿನಿಂದ ಎತ್ತಿಕೊಂಡೆ. ಪದ ಮುಗಿಯಿತು. ಹುಡುಗಿ ಕಾರು ಹತ್ತಿದಳು.

ಕಾರು ತಿರುಗುವ ಮೊದಲೇ ಜಗಳ ಶುರುವಾಯಿತು.

"ಪದ ನಿಂತಿಲ್ಲ. ಉಸಿರು ತಗಳ್ಳೋದ್ರೊಳಗೆ ಎತ್ಕೊಂಡ್ರು" ಎಂದಳು ತಂಗಿ.

"ಬಾಯಿ ಬದಲಾಯ್ತಲ್ಲಕ್ಕ, ಅದು ನಿಂತಂಗೆ ಅಲ್ವಾ?" ಎಂದಳು ನೆರೆಮನೆಯವಳು.

"ಹೆಣ್ಣು ಕೊಟ್ಟೋರು ಬುಟ್ಟಿದ್ನ ತಗೊಂಡೋರು ಎತ್ಕೊಂಡ್ರೆ ಅದೇ ಒಪ್ಪಿಸಿದ್ದು" ಎಂದಳು ಇನ್ನೊಬ್ಬಳು.

ಒಬ್ಬರು ಹೇಳಿದ್ದು ಇನ್ನೊಬ್ಬರು ಒಪ್ಪಲಿಲ್ಲ. ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಇಷ್ಟು ಮದುವೆಯಲ್ಲಿ ಪದ ಹೇಳಿದವಳಿಗೆ ಗೊತ್ತಿಲ್ಲ ಎಂದರೆ ಹೇಗೆ ಎಂದು ಬೈದರು.

ಗಂಡಿನ ಸೋದರತ್ತೆ ಬಸ್ಸು ಹತ್ತುವ ಮೊದಲು ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದಳು. ಅವಳ ಪಕ್ಕ ಹೋಗಿ ನಿಂತೆ.

"ಹಳ್ಳಿಮೈಸೂರ್ ಕಡೆ ಅಂಗೇ ಯೋಳೋದಾ?"

ಅವಳು ಆಚೀಚೆ ನೋಡಿದಳು. "ಯಾವ್ ಕಡೇದೂ ಅಲ್ಲ ಕಣಕ್ಕ. ನಂಗೂ ಆ ಪದ ಬರಾಕಿಲ್ಲ. ನೀವು ಬಾಯ್ ಬುಟ್ಕೊಂಡು ನಿಂತ್ಬುಟ್ರಿ. ಹೆಣ್ಣು ಬರ್ತಿರೋದು ನಮ್ಮನೆಗೆ. ನಾಳೀಕೆ ಒಂದು ಚೊಂಬು ಉರುಳುದ್ರೂ ಪದ ನಿಂತಿದ್ಕೇ ಅಂತ ನಮ್ಮನೆ ಹೆಂಗಸ್ರು ಆಡ್ಕೊತವೆ. ಅದ್ಕೆ ಬಾಯಿಗ್ ಬಂದಿದ್ದ ಸೇರಿಸ್ದೆ."

"ಅಂಗೆ ಸೇರಿಸ್ಬೋದಾ?"

"ನಿಮ್ಮದ್ರಲ್ಲಿ ಇರೋದ್ನೂ ಯಾರಾದ್ರೂ ಹಿಂಗೇ ಸೇರಿಸಿರ್ತಾರೆ, ಬುಡಿ" ಎಂದು ಲೋಟ ಇಟ್ಟು ಬಸ್ಸು ಹತ್ತಿದಳು.

ಅವಳ ಮೇಲೆ ಸಿಟ್ಟು ಮಾಡಬೇಕೋ, ಕೈ ಮುಗಿಯಬೇಕೋ ತಿಳಿಯದೆ ಅಲ್ಲೇ ನಿಂತಿದ್ದೆ. ತಂಗಿಗೆ ಇದನ್ನು ಇನ್ನೂ ಹೇಳಿಲ್ಲ. ಹುಡುಗಿ ಆಗಾಗ ಫೋನು ಮಾಡುತ್ತಾಳೆ, ಅತ್ತೆಯ ಮೇಲೆ ಒಂದಿಷ್ಟು ಚಾಡಿ ಹೇಳುತ್ತಾಳೆ, ನಗುತ್ತಾಳೆ, ಇಡುತ್ತಾಳೆ. ಇದು ನಿಂತ ಪದದ ಬಾಳೋ, ನಿಲ್ಲದ ಪದದ ಬಾಳೋ ಹೇಳಲಾರೆ. ಎರಡರಲ್ಲೂ ಹೀಗೇ ಇರುತ್ತದೆ ಎಂದು ನನಗೆ ಕಾಣುತ್ತದೆ.

ಆಮೇಲೆ ನುಗ್ಗೇಹಳ್ಳಿಯಲ್ಲಿ ಒಂದು ಮದುವೆಗೆ ಕರೆದಿದ್ದರು. ಹೊಸಲು ದಾಟಿದ ಕೂಡಲೇ ಅಂಗೈ ಮಣ್ಣಿನ ಸಾಲುಗಳು ತಾವಾಗಿ ಬಂದವು, ಆ ಹೆಂಗಸಿನ ತಗ್ಗಿದ ರಾಗದಲ್ಲೇ. ತಡೆಯಲು ನೋಡಿದೆ, ಆಗಲಿಲ್ಲ. ಮುಗಿದ ಮೇಲೆ ಒಬ್ಬ ಮುದುಕಿ ಹತ್ತಿರ ಬಂದು, "ಇದು ನಮ್ಮವ್ವ ಯೋಳ್ತಿದ್ದಂಗೇ ಅದೆ ಕಣಕ್ಕ" ಎಂದು ಕಣ್ಣೊರೆಸಿಕೊಂಡಳು. ಹೌದು ಎಂದೆ. ಇನ್ನೇನು ಹೇಳುವುದು?